ಪರಾತದಲ್ಲಿ ಸಿಕ್ಕ ಎರಡು ನ್ಯಾನೊಮೀಟರ್

(ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬೇಗ ಹೇಳಿ ಮುಗಿಸಿದ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಊಟ ಮುಗಿಸಿ ಬಂದು ಕೂತಿದ್ದೀರಿ. ಈ ಹೊತ್ತಿನಲ್ಲಿ ಬರೀ ಮಾತು ಕೇಳುವುದು ಕಷ್ಟ. ಅದಕ್ಕೇ ಸಾಮಾನು ಹೊತ್ತು ತಂದಿದ್ದೇನೆ. ಮೇಜಿನ ಮೇಲಿರುವುದು ಮನೆಯಲ್ಲಿ ಹಿಟ್ಟು ಕಲಸುವ ಸ್ಟೀಲಿನ ಪರಾತ. ಪಕ್ಕದಲ್ಲಿ ಮುಖಕ್ಕೆ ಹಾಕುವ ಪೌಡರಿನ ಡಬ್ಬಿ, ಎರಡು ಸಿರಿಂಜು, ಒಂದು ಸ್ಕೇಲು, ಸಣ್ಣ ಬಾಟಲಿಯಲ್ಲಿ ಓಲಿಯಿಕ್ ಆಮ್ಲ. ಇಷ್ಟಿದ್ದರೆ ಒಂದು ಅಣು ಎಷ್ಟು ಉದ್ದ ಇದೆ ಅಂತ ಅಳೆಯಬಹುದು. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ಅಳೆದಿದ್ದಾರೆ. ಇವತ್ತು ನಾನು ಹೇಳಲು ಬಂದಿರುವುದು ಮುಖ್ಯವಾಗಿ ಅದನ್ನೇ.

ನ್ಯಾನೊ ತಂತ್ರಜ್ಞಾನ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ದೊಡ್ಡ ಲ್ಯಾಬು, ಬಿಳಿ ಕೋಟು, ತುಂಬಾ ಬೆಲೆಬಾಳುವ ಸೂಕ್ಷ್ಮದರ್ಶಕ. ಅದು ತಪ್ಪೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಅಂಥ ಲ್ಯಾಬುಗಳಿವೆ. ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಕೆಲಸದಿಂದ ಈ ವಿಷಯಕ್ಕೂ ನಮ್ಮ ಬೆಂಗಳೂರಿಗೂ ಗಟ್ಟಿ ನಂಟು ಬೆಳೆದಿದೆ. ನ್ಯಾನೊ ಸಂಶೋಧನೆಗೆ ಕೇಂದ್ರ ಸರ್ಕಾರದ ಯೋಜನೆಯಾದ ನ್ಯಾನೊ ಮಿಷನ್ 2007ರಲ್ಲಿ ಶುರುವಾಯಿತು. ಅದೆಲ್ಲ ಮಕ್ಕಳಿಗೆ ಗೊತ್ತಾಗಲಿ. ಆದರೆ ಆ ಲ್ಯಾಬಿನ ಫೋಟೊ ತೋರಿಸಿದರೆ ನ್ಯಾನೊ ಅಂದರೇನು ಅಂತ ಅರ್ಥವಾಗುವುದಿಲ್ಲ. ಇದು ನಾನು ಮಾಡಿ ನೋಡಿ ಕಲಿತದ್ದು.

ಮೊದಲ ವರ್ಷ ನಾನು ಪ್ರೊಜೆಕ್ಟರ್ ಹಾಕಿ ಪಾಠ ಮಾಡಿದೆ. ಚಂದದ ಚಿತ್ರಗಳಿದ್ದವು. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಮೀಟರ್ ಅಂತ ಬೋರ್ಡಿನ ಮೇಲೆ ಬರೆದೆ. ಮಕ್ಕಳು ನೀಟಾಗಿ ಬರೆದುಕೊಂಡರು. ಒಂದು ವಾರ ಬಿಟ್ಟು ಕೇಳಿದೆ: ಒಂದು ಕೆಂಪು ರಕ್ತಕಣ ದೊಡ್ಡದೋ, ಒಂದು ನ್ಯಾನೊಮೀಟರ್ ದೊಡ್ಡದೋ? ಎರಡನೇ ಬೆಂಚಿನ ಹುಡುಗಿ ಸ್ವಲ್ಪ ಯೋಚನೆ ಮಾಡಿ ಹೇಳಿದಳು, "ಎರಡೂ ಚಿಕ್ಕದೇ ಅಲ್ವಾ ಮಿಸ್."

ಆ ಉತ್ತರವನ್ನು ನಾನು ಮರೆತಿಲ್ಲ. ಅವಳು ದಡ್ಡಿಯಲ್ಲ. ಕಣ್ಣಿಗೆ ಕಾಣದ್ದೆಲ್ಲ ಅವಳ ಪಾಲಿಗೆ ಒಂದೇ ಗುಡ್ಡೆಯಲ್ಲಿ ಬಿದ್ದಿದೆ. ಧೂಳು, ಬ್ಯಾಕ್ಟೀರಿಯಾ, ವೈರಸ್, ಅಣು, ಪರಮಾಣು, ಎಲ್ಲ "ಚಿಕ್ಕದು". ನಮ್ಮೂರಿಂದ ಪಕ್ಕದ ಹಳ್ಳಿಯೂ ದೂರ, ಚಂದ್ರನೂ ದೂರ ಅಂದ ಹಾಗೆ. ಚಿಕ್ಕದರೊಳಗೂ ದೊಡ್ಡದು, ಚಿಕ್ಕದು, ತೀರಾ ಚಿಕ್ಕದು ಅಂತ ಇದೆ. ಅದು ಕೈಗೆ ಗೊತ್ತಾಗಬೇಕು. ಅದು ಗೊತ್ತಾಗದೆ ಮುಂದೆ ಏನು ಹೇಳಿದರೂ ಸುಮ್ನೆ ಕಂಠಪಾಠ.

ಹಾಗಾಗಿ ಈಗ ನಾನು ಕಾಗದದ ಪಟ್ಟಿಯಿಂದ ಶುರು ಮಾಡುತ್ತೇನೆ. ಪ್ರತಿ ಮಗುವಿಗೂ 20 ಸೆಂಟಿಮೀಟರ್ ಉದ್ದದ ಒಂದು ಪಟ್ಟಿ, ಇಬ್ಬರಿಗೆ ಒಂದು ಕತ್ತರಿ. ಅರ್ಧಕ್ಕೆ ಕತ್ತರಿಸು, ಒಂದು ಅರ್ಧ ಪಕ್ಕಕ್ಕಿಡು, ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡು. ಎಷ್ಟು ಸಲ ಆಗುತ್ತದೋ ಎಣಿಸು. ಏಳನೇ ಸಲಕ್ಕೆ ಒಂದೂವರೆ ಮಿಲಿಮೀಟರ್ ಉಳಿಯುತ್ತದೆ. ಎಂಟನೆಯದು ಹೇಗೋ ಆಗುತ್ತದೆ. ಒಂಬತ್ತನೆಯದು ಮಾಡಿದವರು ತರಗತಿಯಲ್ಲಿ ಒಬ್ಬರೋ ಇಬ್ಬರೋ. ಆ ತುಣುಕು ಕತ್ತರಿಗೇ ಅಂಟಿಕೊಂಡಿರುತ್ತದೆ, ಉಸಿರು ಬಿಟ್ಟರೆ ಹಾರಿಹೋಗುತ್ತದೆ.

ಅಲ್ಲಿಂದ ಮುಂದೆ ಕತ್ತರಿ ಕೆಳಗಿಟ್ಟು ಲೆಕ್ಕದಲ್ಲಿ ಕತ್ತರಿಸುತ್ತೇವೆ. ಒಬ್ಬ ಹುಡುಗ ಬೋರ್ಡಿನ ಹತ್ತಿರ ನಿಂತು ಅರ್ಧ ಮಾಡುತ್ತಾ ಹೋಗುತ್ತಾನೆ, ಉಳಿದವರು ಎಣಿಸುತ್ತಾರೆ. ಹನ್ನೊಂದನೇ ಸಲಕ್ಕೆ ತಲೆಕೂದಲಿನ ದಪ್ಪ. ಹದಿನೈದಕ್ಕೆ ಕೆಂಪು ರಕ್ತಕಣದ ಗಾತ್ರ. ಇಪ್ಪತ್ತೊಂದಕ್ಕೆ ಕೊರೊನಾ ವೈರಸ್. ಇಪ್ಪತ್ತೇಳಕ್ಕೆ ಡಿಎನ್‌ಎ ಏಣಿಯ ಅಗಲದ ಹತ್ತಿರ ಬರುತ್ತೇವೆ. ಇಪ್ಪತ್ತೆಂಟನೇ ಸಲಕ್ಕೆ ಒಂದು ನ್ಯಾನೊಮೀಟರಿಗಿಂತ ಕೆಳಗೆ ಇಳಿಯುತ್ತೇವೆ. ಕೂದಲಿನ ದಪ್ಪಕ್ಕೆ ಬಂದ ಮೇಲೂ ಇನ್ನೂ ಹದಿನೇಳು ಸಲ ಕತ್ತರಿಸಬೇಕು! ಇದನ್ನು ಕೇಳಿದಾಗ ತರಗತಿಯಲ್ಲಿ ಒಂದು ನಿಶ್ಶಬ್ದ ಬರುತ್ತದೆ. ಒಂಬತ್ತನೆಯದಕ್ಕೇ ಸೋತ ಕೈಗಳಿಗೆ ಆ ಹದಿನೇಳರ ಭಾರ ಗೊತ್ತಾಗಿರುತ್ತದೆ. ಆಮೇಲೆ ರಕ್ತಕಣ ದೊಡ್ಡದೋ ನ್ಯಾನೊಮೀಟರ್ ದೊಡ್ಡದೋ ಅಂತ ಕೇಳಿ ನೋಡಿ. "ನಡುವೆ ಹದಿಮೂರು ಕಟ್ ಇದೆ ಮಿಸ್" ಅನ್ನುತ್ತಾರೆ. ನಮ್ಮ ತರಗತಿಯಲ್ಲಿ ಈಗ ಅದೇ ಅಳತೆ. ಇಷ್ಟು ಕಟ್ ದೂರ, ಅಷ್ಟು ಕಟ್ ದೂರ.

ಇನ್ನೊಂದು ಮಾತು ಹೇಳಿದರೆ ಅವರಿಗೆ ತುಂಬಾ ಇಷ್ಟವಾಗುತ್ತದೆ. ನಮ್ಮ ಕೈಬೆರಳಿನ ಉಗುರು ಸೆಕೆಂಡಿಗೆ ಸುಮಾರು ಒಂದು ನ್ಯಾನೊಮೀಟರ್ ಬೆಳೆಯುತ್ತದೆ. ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಎರಡು ಮೂರು ನ್ಯಾನೊಮೀಟರ್ ಆಯಿತು.

ಈಗ ಪರಾತಕ್ಕೆ ಬರೋಣ.

ಈ ಪ್ರಯೋಗ ನನ್ನದಲ್ಲ. ಹನ್ನೊಂದನೇ ತರಗತಿಯ ಎನ್‌ಸಿಇಆರ್‌ಟಿ ಭೌತಶಾಸ್ತ್ರದ ಪುಸ್ತಕದಲ್ಲಿ ಬಹಳ ವರ್ಷ ಇತ್ತು. ನಮ್ಮಲ್ಲಿ ಎಷ್ಟೋ ಜನ ಅದನ್ನು ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಮಾಡಿದವರು ಎಷ್ಟು ಜನ? ನಾನೂ ಟೀಚರ್ ಆಗುವ ತನಕ ಮಾಡಿರಲಿಲ್ಲ.

ವಿಧಾನ ಸುಲಭ. ಒಂದು ಮಿಲಿ ಓಲಿಯಿಕ್ ಆಮ್ಲವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ 20 ಮಿಲಿ ಮಾಡಬೇಕು. ಹೆಸರು ಕೇಳಿ ಹೆದರಬೇಡಿ, ಇದು ಒಂದು ಬಗೆಯ ಎಣ್ಣೆಯೇ. ಆಲಿವ್ ಎಣ್ಣೆಯಲ್ಲಿ, ಕಡಲೆಕಾಯಿ ಎಣ್ಣೆಯಲ್ಲಿ ಜಾಸ್ತಿ ಇರುವುದು ಇದರದ್ದೇ ಅಂಶ. ಆ 20 ಮಿಲಿಯಿಂದ ಒಂದೇ ಒಂದು ಮಿಲಿ ತೆಗೆದು, ಅದಕ್ಕೆ ಮತ್ತೆ ಸ್ಪಿರಿಟ್ ಸೇರಿಸಿ 20 ಮಿಲಿ ಮಾಡಬೇಕು. ಈಗ ಇದರಲ್ಲಿ 400ರಲ್ಲಿ ಒಂದು ಪಾಲು ಮಾತ್ರ ಎಣ್ಣೆ. ಸಿರಿಂಜಿನಿಂದ ಹನಿ ಹನಿಯಾಗಿ ಬಿಟ್ಟು, ಒಂದು ಮಿಲಿಗೆ ಎಷ್ಟು ಹನಿ ಅಂತ ಮಕ್ಕಳೇ ಎಣಿಸುತ್ತಾರೆ. ನಮ್ಮ ಸಿರಿಂಜಿಗೆ 50 ಬಂತು. ಅಂದರೆ ಒಂದು ಹನಿಯಲ್ಲಿರುವ ಎಣ್ಣೆ ಒಂದು ಮಿಲಿಯ 20,000ದ ಒಂದು ಭಾಗ.

ಪರಾತದಲ್ಲಿ ನೀರು ತುಂಬಿ ಅಲುಗಾಡದ ಹಾಗೆ ಇಡಬೇಕು. ತೆಳ್ಳನೆ ಬಟ್ಟೆಯಲ್ಲಿ ಪೌಡರ್ ಕಟ್ಟಿಕೊಂಡು ಮೇಲಿನಿಂದ ಮೆಲ್ಲಗೆ ತಟ್ಟಬೇಕು. ನೀರಿನ ಮೇಲೆ ಮಂಜಿನ ಹಾಗೆ ಒಂದು ತೆಳು ಪದರ ಕೂರುತ್ತದೆ. ಆಮೇಲೆ ನಡುವೆ ಒಂದೇ ಒಂದು ಹನಿ. ಕಣ್ಣು ಮಿಟುಕಿಸುವಷ್ಟರಲ್ಲಿ ಪೌಡರ್ ನಾಲ್ಕೂ ಕಡೆ ಸರಿದು, ನಡುವೆ ಕನ್ನಡಿಯಂಥ ದುಂಡನೆಯ ಜಾಗ ತೆರೆದುಕೊಳ್ಳುತ್ತದೆ. ಸ್ಕೇಲ್ ಹಿಡಿದು ಅಡ್ಡಳತೆ ನೋಡಬೇಕು. ಸುಮಾರು 18 ಸೆಂಟಿಮೀಟರ್.

ನಾವು ಮೊದಲ ಸಲ ಮಾಡಿದಾಗ ಇದು ಆಗಲಿಲ್ಲ. ಪೌಡರ್ ಹಾಕಿದ ಕೂಡಲೇ, ಹನಿ ಬಿಡುವ ಮೊದಲೇ, ಪೌಡರೆಲ್ಲ ಅಂಚಿಗೆ ಓಡಿಹೋಯಿತು. ಎರಡು ಸಲ ನೀರು ಬದಲಾಯಿಸಿದೆವು, ಆದರೂ ಅಷ್ಟೆ. ಪಾತ್ರೆ ತೊಳೆದ ಸೋಪು ಅಂಚಿನಲ್ಲಿ ಉಳಿದಿತ್ತು. ಬರೀ ನೀರಿನಲ್ಲಿ ಏಳೆಂಟು ಸಲ ತೊಳೆದ ಮೇಲೆ ಸರಿಯಾಯಿತು. ಇನ್ನೊಂದು ತಂಡದಲ್ಲಿ ಒಬ್ಬಳು ಪೌಡರ್ ಕೂತಿದೆಯಾ ಅಂತ ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಮುಟ್ಟಿದ್ದೇ ತಡ, ಸುತ್ತ ಅಂಗೈಯಗಲ ಜಾಗ ಖಾಲಿ! ಬೆಳಿಗ್ಗೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆರಳಿನಲ್ಲಿತ್ತು. ಅವಳಿಗೆ ಬೆರಳು ಒಣಗಿದ ಹಾಗೇ ಕಾಣುತ್ತಿತ್ತು. ಕಣ್ಣಿಗೆ ಕಾಣದ ಎಣ್ಣೆಯನ್ನು ನೀರು ಕಂಡುಹಿಡಿದು ತೋರಿಸಿತು. ಆ ದಿನ ಅವಳು ಕೆಲಸ ಕೆಡಿಸಿದಳು ಅಂತ ಉಳಿದವರು ಬೈದರು. ನನಗೆ ಮಾತ್ರ ಅದೇ ಆ ದಿನದ ದೊಡ್ಡ ಪಾಠ ಅನ್ನಿಸಿತು. ಅವಳನ್ನು ಮುಂದೆ ಕರೆದು ಎಲ್ಲ ಪರಾತಗಳಲ್ಲೂ ಮುಟ್ಟಿಸಿದೆ.

ಲೆಕ್ಕ ಹೀಗೆ. 18 ಸೆಂಟಿಮೀಟರ್ ಅಡ್ಡಳತೆಯ ವೃತ್ತದ ವಿಸ್ತೀರ್ಣ ಸುಮಾರು 254 ಚದರ ಸೆಂಟಿಮೀಟರ್. ಎಣ್ಣೆಯ ಗಾತ್ರವನ್ನು ಅದರಿಂದ ಭಾಗಿಸಿದರೆ ಪದರದ ದಪ್ಪ ಸಿಗುತ್ತದೆ. ದೋಸೆ ಹಿಟ್ಟಿನ ಲೆಕ್ಕವೇ ಇದು. ಒಂದು ಸೌಟು ಹಿಟ್ಟು ಇಷ್ಟಗಲ ಹರಡಿದರೆ ದೋಸೆ ಎಷ್ಟು ದಪ್ಪ? ನಮ್ಮ ಈ ದೋಸೆಯ ದಪ್ಪ ಸೆಂಟಿಮೀಟರಿನ 50 ಲಕ್ಷದಲ್ಲಿ ಒಂದು ಭಾಗ. ಒಂದು ಸೆಂಟಿಮೀಟರಿನಲ್ಲಿ ಒಂದು ಕೋಟಿ ನ್ಯಾನೊಮೀಟರ್ ಇದೆ. ಹಾಗಾದರೆ ಎರಡು ನ್ಯಾನೊಮೀಟರ್!

ನಮ್ಮ ಐದು ತಂಡಗಳಿಗೆ 16ರಿಂದ 20 ಸೆಂಟಿಮೀಟರ್ ವರೆಗೆ ಬೇರೆ ಬೇರೆ ಅಳತೆ ಬಂತು. ಉತ್ತರಗಳು ಎರಡೂವರೆಯಿಂದ 1.6 ನ್ಯಾನೊಮೀಟರ್ ವರೆಗೆ. ಓಲಿಯಿಕ್ ಆಮ್ಲದ ಅಣುವಿನ ಉದ್ದ ಸುಮಾರು ಎರಡು ನ್ಯಾನೊಮೀಟರ್. ಪೌಡರ್ ಡಬ್ಬಿ, ಪರಾತ ಹಿಡಿದುಕೊಂಡು ಇಷ್ಟು ಹತ್ತಿರ ಬಂದಿದ್ದೇವೆ ನೋಡಿ.

ಆಗ ಹಿಂದಿನ ಬೆಂಚಿನಲ್ಲಿ ಸದಾ ಸುಮ್ಮನೆ ಕೂರುವ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಪೌಡರ್ ಸರಿಸಿದ್ದು ಎಣ್ಣೆ ಅಂತ ಹೇಗೆ ಹೇಳ್ತೀರ? ಸ್ಪಿರಿಟ್ಟೇ ತಳ್ಳಿರಬಹುದಲ್ವಾ?"

ಎಂಥ ಪ್ರಶ್ನೆ! ನಾನು ಉತ್ತರ ಹೇಳಲಿಲ್ಲ. ಹೇಗೆ ತಿಳಿದುಕೊಳ್ಳೋಣ ಅಂತ ಅವನನ್ನೇ ಕೇಳಿದೆ. ಬರೀ ಸ್ಪಿರಿಟ್ ಒಂದು ಹನಿ ಬಿಟ್ಟು ನೋಡೋಣ ಅಂದ. ಹೊಸ ನೀರು, ಹೊಸ ಪೌಡರ್, ಬರೀ ಸ್ಪಿರಿಟ್ಟಿನ ಹನಿ. ಪೌಡರ್ ಸರಿಯಿತು. ಹುಡುಗನ ಮುಖ ಅರಳಿತು. ಆದರೆ ಸ್ವಲ್ಪ ಹೊತ್ತಿನಲ್ಲಿ ಪೌಡರ್ ಮೆಲ್ಲಗೆ ವಾಪಸು ಬಂದು ಜಾಗ ಮುಚ್ಚಿಕೊಂಡಿತು. ಸ್ಪಿರಿಟ್ ಆವಿಯಾಗಿ, ನೀರಿನಲ್ಲಿ ಕರಗಿ ಹೋಗಿತ್ತು. ಎಣ್ಣೆ ಇದ್ದ ಪರಾತದಲ್ಲಿ ವೃತ್ತ ಹಾಗೇ ನಿಂತಿತ್ತು. ಅಳೆಯುವ ಮೊದಲು ಸ್ವಲ್ಪ ಕಾಯಬೇಕು ಅನ್ನುವ ನಿಯಮವನ್ನು ಆ ಹುಡುಗನೇ ಬೋರ್ಡಿನ ಮೇಲೆ ಬರೆದ.

ನಾನು ಇನ್ನೂ ಒಂದು ಸಾಲು ಬರೆಸುತ್ತೇನೆ: "ಈ ಪದರ ಒಂದೇ ಅಣುವಿನಷ್ಟು ದಪ್ಪ ಇದೆ ಎಂದು ನಾವು ಅಂದುಕೊಂಡಿದ್ದೇವೆ." ಇದನ್ನು ಬಿಡಬಾರದು. ನಾವು ಅಳೆದದ್ದು ಪದರದ ದಪ್ಪ. ಅದೇ ಅಣುವಿನ ಉದ್ದ ಅನ್ನುವುದು ಒಂದು ಊಹೆ. ಆ ಊಹೆ ಸರಿ ಅಂತ ತೋರಿಸಲು ಬೇರೆಯವರು ಬೇರೆ ಪ್ರಯೋಗ ಮಾಡಬೇಕಾಯಿತು. ಮಕ್ಕಳಿಗೆ ಇಷ್ಟು ನಿಜ ಹೇಳಿದರೆ ಅವರು ಗೊಂದಲ ಪಡುವುದಿಲ್ಲ. ನಾವು ಸುಮ್ನೆ ಹೆದರುತ್ತೇವೆ.

ಲೆಕ್ಕ ಮುಗಿದ ಮೇಲೆ ಕಥೆ ಹೇಳಬೇಕು, ಮೊದಲೇ ಅಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಫಮ್‌ನಲ್ಲಿದ್ದ ಕೊಳದ ಮೇಲೆ ಒಂದು ಚಮಚದಷ್ಟು ಎಣ್ಣೆ ಸುರಿದ. ಗಾಳಿಗೆ ಅಲೆಯಾಡುತ್ತಿದ್ದ ನೀರು ಸುಮಾರು ಅರ್ಧ ಎಕರೆ ಅಗಲಕ್ಕೆ ಕನ್ನಡಿಯ ಹಾಗೆ ಶಾಂತವಾಯಿತು. ಅದರ ಬಗ್ಗೆ ಅವನು ಬರೆದದ್ದು 1774ರಲ್ಲಿ ಅಚ್ಚಾಯಿತು. ನಮ್ಮ ಮಕ್ಕಳಿಗೆ ಅರ್ಧ ಎಕರೆ ಅಂದರೆ ಗೊತ್ತು, 20 ಗುಂಟೆ. ಚಮಚದಲ್ಲಿ ನಾಲ್ಕೈದು ಮಿಲಿ ಎಣ್ಣೆ ಅಂದುಕೊಂಡು ಅವರೇ ಭಾಗಿಸಿದರು. ಎರಡು, ಎರಡೂವರೆ ನ್ಯಾನೊಮೀಟರ್. ಫ್ರಾಂಕ್ಲಿನ್ ಈ ಭಾಗಾಕಾರ ಮಾಡಲಿಲ್ಲ. ಅದನ್ನು ಮಾಡುವ ಹೊತ್ತಿಗೆ ನೂರು ವರ್ಷಕ್ಕಿಂತ ಜಾಸ್ತಿ ಕಳೆದಿತ್ತು. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲಿ 1890ರಲ್ಲಿ ಆಲಿವ್ ಎಣ್ಣೆಯ ಪದರ ಅಳೆದ. 1.6 ನ್ಯಾನೊಮೀಟರ್ ಬಂತು. ನಮ್ಮ ಒಂದು ತಂಡಕ್ಕೂ ಅಷ್ಟೇ ಬಂದಿತ್ತು!

ನನಗೆ ಇವರೆಲ್ಲರಿಗಿಂತ ಹತ್ತಿರದವಳು ಆಗ್ನೆಸ್ ಪೊಕೆಲ್ಸ್. ಜರ್ಮನಿಯ ಬ್ರೌನ್‌ಶ್ವೈಗ್ ಊರಿನವಳು. ಹೆಣ್ಣುಮಕ್ಕಳಿಗೆ ಅಲ್ಲಿ ಆಗ ವಿಶ್ವವಿದ್ಯಾಲಯಕ್ಕೆ ಪ್ರವೇಶ ಇರಲಿಲ್ಲ. ಮನೆಯಲ್ಲಿ ತಂದೆ ತಾಯಿಯ ಆರೈಕೆ, ಅಡುಗೆ ಕೆಲಸ. ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹೇಗೆ ಹರಡುತ್ತದೆ ಅಂತ ನೋಡುತ್ತಾ, ಒಂದು ತಗಡಿನ ತೊಟ್ಟಿ, ಅಂಗಿಯ ಒಂದು ಗುಂಡಿ, ಒಂದು ತಕ್ಕಡಿ ಇಟ್ಟುಕೊಂಡು ನೀರಿನ ಮೇಲ್ಮೈ ಎಷ್ಟು ಎಳೆಯುತ್ತದೆ ಅಂತ ಅಳೆದಳು. ತಾನು ಕಂಡದ್ದನ್ನೆಲ್ಲ 1891ರಲ್ಲಿ ರ‍್ಯಾಲಿಗೆ ಕಾಗದ ಬರೆದಳು. ಕಾಗದ ಜರ್ಮನ್ ಭಾಷೆಯಲ್ಲಿತ್ತು. ಅವನ ಹೆಂಡತಿ ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟಳು. ರ‍್ಯಾಲಿ ಅದನ್ನು ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಮುಂದೆ ಅಮೆರಿಕದ ಲ್ಯಾಂಗ್‌ಮ್ಯೂರ್ ಇದೇ ದಾರಿಯಲ್ಲಿ ಕೆಲಸ ಮಾಡಿ 1932ರಲ್ಲಿ ನೊಬೆಲ್ ಪಡೆದ. ಈ ಕಥೆ ಹೇಳುವಾಗ ನಾನು ಹುಡುಗಿಯರ ಮುಖ ನೋಡುತ್ತೇನೆ. ಸಂಜೆ ಮನೆಗೆ ಹೋಗಿ ಪಾತ್ರೆ ತೊಳೆಯಬೇಕಾದವರು ನಮ್ಮ ತರಗತಿಯಲ್ಲಿ ಬಹಳ ಜನ ಇದ್ದಾರೆ. ಅವರು ಮುಟ್ಟುವ ಆ ನೀರಿನಲ್ಲೇ ಇಷ್ಟು ವಿಜ್ಞಾನ ಇದೆ ಅಂತ ಅವರಿಗೆ ಗೊತ್ತಾಗಲೇಬೇಕು ಅನ್ನುವುದು ನನ್ನ ಹಟ.

ಅಳತೆ ಆಯಿತು. ಅಷ್ಟು ಚಿಕ್ಕದಾದರೆ ಏನು ವಿಶೇಷ? ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ಇಲ್ಲಿ ಬೆಲ್ಲ ಸಾಕು. ಒಂದು ಲೋಟ ನೀರಿಗೆ ಬೆಲ್ಲದ ತುಂಡು, ಇನ್ನೊಂದಕ್ಕೆ ಅಷ್ಟೇ ತೂಕದ ಪುಡಿ. ಯಾವುದು ಬೇಗ ಕರಗುತ್ತದೆ ಅಂತ ಎಲ್ಲರಿಗೂ ಗೊತ್ತು. ಯಾಕೆ ಅಂತ ಕೇಳಿದರೆ ತಡವರಿಸುತ್ತಾರೆ. ಪುಡಿಗೆ ನೀರು ಮುಟ್ಟುವ ಜಾಗ ಜಾಸ್ತಿ. ಈಗ ಲೆಕ್ಕ ಮಾಡಿಸಿ. ಒಂದು ಸೆಂಟಿಮೀಟರಿನ ಘನ, ಅಂದರೆ ಒಂದು ಕಲ್ಲುಸಕ್ಕರೆಯಷ್ಟು. ಅದರ ಆರು ಮುಖ ಸೇರಿ 6 ಚದರ ಸೆಂಟಿಮೀಟರ್. ಒಂದು ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ 60. ಒಂದು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ 6,000 ಚದರ ಮೀಟರ್, ಸುಮಾರು ಒಂದೂವರೆ ಎಕರೆ! ಬೆರಳ ತುದಿಯಲ್ಲಿ ಹಿಡಿಯುವ ವಸ್ತು ಒಂದೂವರೆ ಎಕರೆ ಹೊಲವಾಗುತ್ತದೆ. ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ ಅನ್ನುವುದನ್ನು ಇದರ ಜೊತೆ ಸೇರಿಸಿದರೆ, ನೀರು ಶುದ್ಧ ಮಾಡುವ ಫಿಲ್ಟರು, ವಾಹನದ ಹೊಗೆ ತಗ್ಗಿಸುವ ಪರಿವರ್ತಕ ಇಂಥವುಗಳಲ್ಲಿ ಯಾಕೆ ಇಷ್ಟು ಸಣ್ಣ ಕಣ ಬಳಸುತ್ತಾರೆ ಅಂತ ಮಕ್ಕಳೇ ಹೇಳುತ್ತಾರೆ.

ಇನ್ನು ಎಲೆ. ಮಲೆನಾಡಿನವರು ನೀವು ಪುಣ್ಯವಂತರು, ಕೆಸುವಿನ ಎಲೆ ಹಿತ್ತಲಲ್ಲೇ ಇದೆ. ಅದರ ಮೇಲೆ ಅರಿಶಿನ ಪುಡಿ ಸ್ವಲ್ಪ ಉದುರಿಸಿ, ಒಂದು ಹನಿ ನೀರು ಬಿಟ್ಟು ಎಲೆ ಓರೆ ಮಾಡಿ. ಹನಿ ಗೋಲಿಯ ಹಾಗೆ ಉರುಳುತ್ತದೆ, ಹೋಗುವ ದಾರಿಯಲ್ಲಿ ಅರಿಶಿನವನ್ನೆಲ್ಲ ಮೈಗೆ ಮೆತ್ತಿಕೊಂಡು ಹೋಗುತ್ತದೆ. ಎಲೆ ಒದ್ದೆಯಾಗಿಲ್ಲ, ದಾರಿ ಮಾತ್ರ ಗುಡಿಸಿದ ಹಾಗೆ ಚೊಕ್ಕ. ಈಗ ಎಲೆಯ ಅರ್ಧ ಭಾಗವನ್ನು ಬೆರಳಿನಿಂದ ಗಟ್ಟಿಯಾಗಿ ಉಜ್ಜಿ, ಅಲ್ಲಿ ಹನಿ ಬಿಡಿ. ಅಂಟಿಕೊಳ್ಳುತ್ತದೆ. ಎಲೆಯ ಬಣ್ಣವೂ ಸ್ವಲ್ಪ ಗಾಢವಾಗಿ ಕಾಣುತ್ತದೆ. ನೀವು ಉಜ್ಜಿ ತೆಗೆದದ್ದು ಮೇಣದ ಸೂಕ್ಷ್ಮ ಹರಳುಗಳನ್ನು. ಎಲೆಯ ಮೇಲೆ ಮೈಕ್ರೊಮೀಟರ್ ಅಳತೆಯ ಉಬ್ಬುಗಳಿವೆ, ಅವುಗಳ ಮೇಲೆ ನ್ಯಾನೊ ಅಳತೆಯ ಮೇಣದ ಹರಳುಗಳಿವೆ. ಹನಿ ನಿಲ್ಲುವುದು ಆ ತುದಿಗಳ ಮೇಲೆ, ಕೆಳಗೆಲ್ಲ ಗಾಳಿ. ತಾವರೆ ಎಲೆಯ ಮೇಲಿನ ನೀರಿನ ಹಾಗೆ ಅಂತ ನಾವು ಎಷ್ಟು ಕಾಲದಿಂದ ಹೇಳುತ್ತಿದ್ದೇವೆ. ಅದರ ಕಾರಣ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1970ರ ದಶಕದಲ್ಲಿ, ಜರ್ಮನಿಯ ವಿಲ್‌ಹೆಲ್ಮ್ ಬಾರ್ತ್‌ಲಾಟ್ ಅವರಿಗೆ. ನುಣುಪಾದ ಎಲೆಗಳನ್ನು ನೋಡುವ ಮೊದಲು ಒರೆಸಬೇಕಾಗುತ್ತಿತ್ತು, ಒರಟಾದವು ಯಾವಾಗಲೂ ಸ್ವಚ್ಛವಾಗಿರುತ್ತಿದ್ದವು. ಯಾಕೆ ಹೀಗೆ ಅಂತ ಯೋಚಿಸಿದ್ದರಿಂದ ವಿಷಯ ಹೊರಬಂತು. ಒಂದು ಎಚ್ಚರ: ಕೆಸುವಿನ ದಂಟು ಮುರಿದರೆ ಬರುವ ರಸ ತುರಿಸುತ್ತದೆ. ಎಲೆ ನೀವೇ ಕೊಯ್ದು, ಒರೆಸಿ ಕೊಡಿ.

ಎಲೆ ಸಿಗದ ಊರಿನಲ್ಲಿ ಚಮಚ ಸಾಕು. ಇದು ನನಗೆ ತುಂಬಾ ಇಷ್ಟದ ಪ್ರಯೋಗ. ಸ್ಟೀಲಿನ ಚಮಚದ ಬೆನ್ನನ್ನು ಮೇಣದಬತ್ತಿಯ ಉರಿಯೊಳಗೆ ಹಿಡಿದು ಕಪ್ಪಗೆ ಮಸಿ ಹಿಡಿಸಿ. ಆರಲು ಬಿಡಿ. ನಮ್ಮ ಅಜ್ಜಿಯಂದಿರು ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದರಲ್ಲ, ಹಾಗೇ. ಈಗ ಆ ಚಮಚವನ್ನು ಲೋಟದ ನೀರಿನಲ್ಲಿ ಮುಳುಗಿಸಿ. ಕಪ್ಪು ಚಮಚ ಬೆಳ್ಳಿಯ ಹಾಗೆ ಹೊಳೆಯುತ್ತದೆ! ಹೊರಗೆ ತೆಗೆದರೆ ಮತ್ತೆ ಕಪ್ಪು, ಒಂದು ಹನಿಯೂ ಅಂಟಿರುವುದಿಲ್ಲ. ಮಕ್ಕಳು ಹತ್ತು ಸಲ ಮುಳುಗಿಸಿ ತೆಗೆಯುತ್ತಾರೆ, ಬೇಡ ಅನ್ನಬೇಡಿ. ಹತ್ತಾರು ನ್ಯಾನೊಮೀಟರ್ ಗಾತ್ರದ ಮಸಿಯ ಕಣಗಳು ಸರ ಪೋಣಿಸಿದ ಹಾಗೆ ಒಂದಕ್ಕೊಂದು ಹಿಡಿದುಕೊಂಡು ನಡುವೆ ಗಾಳಿ ಇಟ್ಟುಕೊಂಡಿವೆ. ನೀರಿನೊಳಗೆ ನಾವು ಬೆಳ್ಳಿ ಅಂದುಕೊಂಡದ್ದು ಆ ಗಾಳಿಯ ಪದರದಿಂದ ತಿರುಗಿ ಬಂದ ಬೆಳಕು. ಬೆಳಕಿನ ಪೂರ್ಣ ಆಂತರಿಕ ಪ್ರತಿಫಲನ ಇಲ್ಲಿ ತಾನಾಗಿ ಬರುತ್ತದೆ. ಸ್ಪಿರಿಟ್ ತೆಗೆದ ದಿನ ಮಾತ್ರ ಮೇಣದಬತ್ತಿ ಹಚ್ಚಬೇಡಿ. ಎರಡು ಪ್ರಯೋಗಕ್ಕೆ ಎರಡು ದಿನ ಇರಲಿ.

ಕಾಣದ್ದನ್ನು ಮುಟ್ಟಿ ನೋಡುವ ಯಂತ್ರಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಫ್ರಿಜ್ಜಿಗೆ ಅಂಟಿಸುವ ಬಾಗುವ ಜಾಹೀರಾತು ಮ್ಯಾಗ್ನೆಟ್ ಎಲ್ಲರ ಮನೆಯಲ್ಲೂ ಇರುತ್ತದೆ. ಅದರಿಂದ ಸಣ್ಣ ಪಟ್ಟಿ ಕತ್ತರಿಸಿ ಉಳಿದ ಭಾಗದ ಹಿಂಬದಿಯ ಮೇಲೆ ಎಳೆಯಿರಿ. ಒಂದು ದಿಕ್ಕಿನಲ್ಲಿ ನುಣ್ಣಗೆ ಜಾರುತ್ತದೆ, ಅಡ್ಡ ದಿಕ್ಕಿನಲ್ಲಿ ಟಕಟಕ ಅಂತ ಕುಪ್ಪಳಿಸುತ್ತದೆ. ಕಣ್ಣಿಗೆ ಕಾಣದ ಉತ್ತರ ದಕ್ಷಿಣ ಧ್ರುವಗಳ ಸಾಲುಗಳನ್ನು ಕೈ ಎಣಿಸುತ್ತದೆ. 1981ರಲ್ಲಿ ಜ್ಯೂರಿಕ್‌ನಲ್ಲಿ ಬಿನ್ನಿಗ್ ಮತ್ತು ರೋರರ್ ಮಾಡಿದ ಸೂಕ್ಷ್ಮದರ್ಶಕ, ಆಮೇಲೆ ಬಂದ ಪರಮಾಣು ಬಲ ಸೂಕ್ಷ್ಮದರ್ಶಕ, ಇವು ಕೆಲಸ ಮಾಡುವುದೂ ಹೀಗೆ ಮೊನೆಯಿಂದ ತಡಕುತ್ತಾ. ಮಕ್ಕಳು ಕಣ್ಣು ಮುಚ್ಚಿಕೊಂಡು ಎಳೆಯಲಿ, ಆಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಚಿನ್ನದ ನ್ಯಾನೊ ಕಣ ಮಾಡಿಸಬೇಕು ಅಂತ ಉತ್ಸಾಹದಿಂದ ಕೆಲವರು ಕೇಳುತ್ತಾರೆ. ಪಿಯು, ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಮಾಡಬಹುದು. ಕುದಿಯುವ ಚಿನ್ನದ ಕ್ಲೋರೈಡ್ ದ್ರಾವಣಕ್ಕೆ ಸಿಟ್ರೇಟ್ ಹಾಕಿದರೆ ತಿಳಿ ಹಳದಿ ಹೋಗಿ, ಬಣ್ಣವಿಲ್ಲದಂತಾಗಿ, ಮಸುಕು ನೀಲಿಯಾಗಿ, ಕೊನೆಗೆ ದಾಳಿಂಬೆ ರಸದ ಕೆಂಪು ಬರುತ್ತದೆ. ಅದರಲ್ಲಿರುವುದು ಹದಿನೈದು ಇಪ್ಪತ್ತು ನ್ಯಾನೊಮೀಟರಿನ ಚಿನ್ನದ ಕಣಗಳು. ಒಂದು ಚಿಟಿಕೆ ಉಪ್ಪು ಹಾಕಿದರೆ ಕಣಗಳು ಗುಂಪುಗೂಡಿ ನೀಲಿಯಾಗುತ್ತದೆ. ಚಿನ್ನ ಅದೇ, ಅಳತೆ ಬದಲಾಯಿತು, ಬಣ್ಣ ಬದಲಾಯಿತು. ಮೈಕೆಲ್ ಫ್ಯಾರಡೆ 1857ರಲ್ಲಿ ಈ ಕೆಂಪು ಚಿನ್ನದ ಬಗ್ಗೆ ಉಪನ್ಯಾಸ ಮಾಡಿದ. ಅವನು ತಯಾರಿಸಿದ ಬಾಟಲಿಗಳು ಲಂಡನ್ನಿನಲ್ಲಿ ಈಗಲೂ ಇವೆ. ನೋಡಲು ಬಹಳ ಚೆನ್ನ. ಆದರೆ ದುಡ್ಡು ಜಾಸ್ತಿ, ಬಿಸಿ ದ್ರಾವಣದ ಕೆಲಸ. ಹೈಸ್ಕೂಲಿನಲ್ಲಿ ಟೀಚರ್ ಮಾಡಿ ತೋರಿಸಿದರೆ ಸಾಕು. ಒಣ ನ್ಯಾನೊ ಪುಡಿಗಳನ್ನು ಮಾತ್ರ ದಯವಿಟ್ಟು ತರಗತಿಗೆ ತರಲೇಬೇಡಿ. ಅಷ್ಟು ಸಣ್ಣ ಪುಡಿ ಮಕ್ಕಳ ಉಸಿರಿಗೆ ಹೋಗಬಾರದು. ನಮ್ಮ ಪರಾತ, ಎಲೆ, ಚಮಚಕ್ಕೆ ಆ ಚಿಂತೆ ಇಲ್ಲ. ಮಸಿ ಹಿಡಿಸುವಾಗ ಕಿಟಕಿ ತೆರೆದಿರಲಿ, ಮಸಿ ಒರೆಸಲು ಒದ್ದೆ ಬಟ್ಟೆ ಇರಲಿ.

ಮಾತು ಮುಗಿದ ಮೇಲೆ ಒಬ್ಬ ಮೇಡಂ ಎದ್ದು ಕೇಳಿದರು. ಪೋರ್ಷನ್ ಮುಗಿಸಬೇಕು, ಎಸ್ಸೆಸ್ಸೆಲ್ಸಿ ಇದೆ, 40 ನಿಮಿಷದ ಪೀರಿಯಡ್ಡು, ಇದಕ್ಕೆಲ್ಲ ಟೈಮ್ ಎಲ್ಲಿದೆ?

ನ್ಯಾಯವಾದ ಪ್ರಶ್ನೆ. ನಾನು ನ್ಯಾನೊ ಅಂತ ಬೇರೆ ಪೀರಿಯಡ್ ತೆಗೆದುಕೊಂಡಿಲ್ಲ. ಅಣು ಪರಮಾಣುವಿನ ಪಾಠ ಬಂದಾಗ ಕಾಗದದ ಪಟ್ಟಿ, 20 ನಿಮಿಷ. ಕಲಿಲದ, ಅಂದರೆ ಸಣ್ಣ ಕಣಗಳು ತೇಲುತ್ತಿರುವ ಮಿಶ್ರಣದ ಪಾಠದಲ್ಲಿ ಒಂದು ಲೋಟ ನೀರಿಗೆ ಎರಡು ಹನಿ ಹಾಲು ಹಾಕಿ ಟಾರ್ಚ್ ಬಿಟ್ಟು ಟಿಂಡಾಲ್ ಪರಿಣಾಮ, ಅಂದರೆ ಕಣಗಳು ಬೆಳಕನ್ನು ಚದುರಿಸುವುದನ್ನು ತೋರಿಸುತ್ತೇವಲ್ಲ, ಆಗ ಹಾಲಿನ ಪ್ರೋಟೀನ್ ಕಣ ಎಷ್ಟು ಕಟ್ ದೂರದಲ್ಲಿದೆ ಅಂತ ಕೇಳುತ್ತೇನೆ, ಎರಡು ನಿಮಿಷ. ಅದು ವೈರಸ್ಸಿನ ಆಸುಪಾಸು, ಇಪ್ಪತ್ತು ಇಪ್ಪತ್ತೊಂದು. ಇಂಗಾಲದ ಪಾಠದಲ್ಲಿ ಚೆಂಡಿನಾಕಾರದ ಇಂಗಾಲದ ಅಣು ಫುಲ್ಲರೀನ್ ಇದ್ದೇ ಇದೆ. ಪೂರ್ತಿ ಒಂದು ಪೀರಿಯಡ್ ಬೇಡುವುದು ಪರಾತ ಮಾತ್ರ. ದ್ರಾವಣ ಹಿಂದಿನ ದಿನವೇ ಮಾಡಿಟ್ಟುಕೊಂಡರೆ 40 ನಿಮಿಷದಲ್ಲಿ ಮುಗಿಯುತ್ತದೆ. ಗಣಿತದ ಮೇಷ್ಟ್ರು ಒಪ್ಪಿದರೆ ಲೆಕ್ಕವನ್ನು ಅವರ ಪೀರಿಯಡ್ಡಿಗೆ ಕೊಡಿ. ನಮ್ಮ ಶಾಲೆಯಲ್ಲಿ ಒಪ್ಪಿದ್ದಾರೆ, ಘಾತಾಂಕಗಳನ್ನು ಈಗ ಅವರು ಶುರು ಮಾಡುವುದೇ ಇದರಿಂದ.

ಇನ್ನೊಬ್ಬ ಸರ್ ಕೇಳಿದರು: ಮಕ್ಕಳಿಗೆ ಐದು ನ್ಯಾನೊಮೀಟರ್ ಅಂತ ಬಂದರೆ ಏನು ಮಾಡುವುದು?

ಬರಲಿ ಸರ್. ಹನಿ ಎಣಿಸಿದ್ದು ಸರಿಯಾ, ಪೌಡರ್ ಜಾಸ್ತಿ ದಪ್ಪ ಆಯಿತಾ, ವೃತ್ತ ಪರಾತದ ಅಂಚಿಗೆ ತಾಗಿ ನಿಂತುಬಿಟ್ಟಿತಾ ಅಂತ ಅವರೇ ಹುಡುಕಲಿ. ಇನ್ನೊಂದು ಸಲ ನಮ್ಮಲ್ಲಿ ಒಂದು ತಂಡಕ್ಕೆ ಹಾಗೇ ಆಯಿತು, ಪೌಡರ್ ಕೆನೆಯ ಹಾಗೆ ಕಟ್ಟಿತ್ತು. ಉತ್ತರ ತಿದ್ದಬೇಡಿ ಅಂದೆ. ಅವರು ತಿದ್ದಲಿಲ್ಲ. ಪಕ್ಕದಲ್ಲಿ ಕಾರಣ ಬರೆದು, ಮಾರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮತ್ತೆ ಪರಾತ ಕೇಳಲು ಬಂದರು. ಎರಡನೇ ಸಲಕ್ಕೆ 2.2 ಬಂತು. ಈಗ ಮುಂದಿನ ಸಾಲಿನವರು ನಾಲ್ಕು ಜನ ಇಲ್ಲಿಗೆ ಬನ್ನಿ, ನೀರು ಆಗಲೇ ನಿಂತಿದೆ. ಬೆರಳು ಮಾತ್ರ ಅದ್ದಬೇಡಿ.